ಥಾಮಸ್ ಕ್ರ್ಯಾಪರ್: ಪ್ಲಂಬರ್ ಕೆಲಸದಿಂದ ಅರಮನೆಯವರೆಗೆ

ಈ ಸಲದ ಸಂಚಿಕೆಗೆ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವನ ಪರಿಚಯ ಬರೆಯಿರಿ ಎಂದು ಕನ್ನಡ ಉಪನ್ಯಾಸಕರು ಹೇಳಿದಾಗ ನಮ್ಮ ತರಗತಿಯಲ್ಲಿ ನಾಲ್ವರು ಅಬ್ದುಲ್ ಕಲಾಂ ಅವರನ್ನು ಆರಿಸಿಕೊಂಡರು. ಮೂವರು ಟಿಪ್ಪು ಸುಲ್ತಾನರನ್ನು, ಇಬ್ಬರು ವಿಶ್ವೇಶ್ವರಯ್ಯನವರನ್ನು ಆರಿಸಿಕೊಂಡರು. ನಾನು ಥಾಮಸ್ ಕ್ರ್ಯಾಪರ್ ಎಂದೆ. ಅವರು ಯಾರು ಎಂದು ಕೇಳಿದರು. ಶೌಚಾಲಯದ ಫ್ಲಶ್ ಟ್ಯಾಂಕ್ ಮಾಡಿ ಮಾರುತ್ತಿದ್ದವರು ಎಂದೆ. ಇಡೀ ತರಗತಿ ನಕ್ಕಿತು. ಮೊದಲು ನನಗೂ ನಗು ಬಂದಿತ್ತು. ಆದರೆ ನಾನು ಅವರ ಬಗ್ಗೆ ಓದಲು ಶುರು ಮಾಡಿದ್ದು ನಗುವುದಕ್ಕಾಗಿ ಅಲ್ಲ, ನಮ್ಮ ನಾನಿಯ ಕಾರಣಕ್ಕೆ.

ನಾನಿ ಎಂದರೆ ಅಮ್ಮಿಯ ತಾಯಿ. ಅವರಿಗೆ ಮೊಣಕಾಲು ನೋವು. ಅವರಿಗಾಗಿಯೇ ಎರಡು ವರ್ಷದ ಹಿಂದೆ ಮನೆಯಲ್ಲಿ ಕಮೋಡ್ ಹಾಕಿಸಿದ್ದೆವು. ಕೆಲವು ತಿಂಗಳಿಂದ ಅದರ ಫ್ಲಶ್ ಜೋರಾಗಿ ಬರುತ್ತಿರಲಿಲ್ಲ. ಬಟನ್ ಒತ್ತಿದರೆ ನೀರು ಸುಮ್ಮನೆ ಜಾರಿ ಇಳಿಯುತ್ತಿತ್ತು, ಏನನ್ನೂ ತಳ್ಳುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಬಕೆಟ್ ಇಟ್ಟೆವು, ಅದೇ ಅಭ್ಯಾಸವಾಯಿತು. ಅಬ್ಬಾ ಪ್ಲಂಬರ್‌ನನ್ನು ಕರೆಯುತ್ತೇನೆ ಎನ್ನುತ್ತಿದ್ದರು, ಭಾನುವಾರ ಬರುತ್ತಿತ್ತು, ಹೋಗುತ್ತಿತ್ತು. ಒಂದು ದಿನ ನಾನಿಗೆ ಜ್ವರ ಬಂತು. ಮೂತ್ರದ ಸೋಂಕು, ನೀರು ಕಡಿಮೆ ಕುಡಿಯುತ್ತಿದ್ದಾರೆ ಎಂದು ಡಾಕ್ಟರ್ ಹೇಳಿದರು. ಅಮ್ಮಿ ಒತ್ತಾಯ ಮಾಡಿ ಕೇಳಿದ ಮೇಲೆ ನಿಜ ಗೊತ್ತಾಯಿತು. ರಾತ್ರಿ ಬಕೆಟ್ ಎತ್ತಲು ಆಗುವುದಿಲ್ಲ, ಎತ್ತದಿದ್ದರೆ ಬೆಳಿಗ್ಗೆ ಬೇರೆಯವರು ನೋಡುತ್ತಾರೆ ಎಂಬ ನಾಚಿಕೆಗೆ ಅವರು ಅಸರ್ ನಮಾಜಿನ ನಂತರ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಮನೆಯಲ್ಲಿ ಐದು ಜನ ಇದ್ದೇವೆ. ಒಬ್ಬರಿಗೂ ಗೊತ್ತಾಗಿರಲಿಲ್ಲ.

ಆ ರಾತ್ರಿ ಫ್ಲಶ್ ಹೇಗೆ ಕೆಲಸ ಮಾಡುತ್ತದೆ ಎಂದು ಹುಡುಕಿ ಓದಿದೆ. ಓದುತ್ತಾ ಕ್ರ್ಯಾಪರ್ ಅವರ ಹೆಸರು ಸಿಕ್ಕಿತು.

ಥಾಮಸ್ ಕ್ರ್ಯಾಪರ್ 1836ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಥಾರ್ನ್ ಎಂಬ ಊರಿನಲ್ಲಿ ಹುಟ್ಟಿದರು. ಶ್ರೀಮಂತರ ಮನೆಯಲ್ಲ, ತಂದೆ ಹಡಗಿನಲ್ಲಿ ದುಡಿಯುತ್ತಿದ್ದವರು. ಅಣ್ಣ ಜಾರ್ಜ್ ಲಂಡನ್ ನಗರದ ಚೆಲ್ಸಿ ಬಡಾವಣೆಯಲ್ಲಿ ಪ್ಲಂಬರ್ ಆಗಿದ್ದರು. 1853ರಲ್ಲಿ ಥಾಮಸ್ ಆ ಅಣ್ಣನ ಕೈಕೆಳಗೆ ಕೆಲಸ ಕಲಿಯಲು ಸೇರಿದರು. ಆಗ ಅವರಿಗೆ ಸುಮಾರು ನನ್ನ ವಯಸ್ಸು. ಆ ಕಾಲದಲ್ಲಿ ಕೆಲಸ ಕಲಿಯುವುದೆಂದರೆ ಕೆಲವು ವರ್ಷ ಉಸ್ತಾದರ ಹತ್ತಿರ ಇದ್ದು, ಸೀಸದ ಪೈಪು ಬಗ್ಗಿಸುವುದರಿಂದ ಹಿಡಿದು ಎಲ್ಲವನ್ನೂ ಕೈಯಿಂದ ಮಾಡಿ ಕಲಿಯುವುದು. ನಮ್ಮ ಊರುಗಳ ಗ್ಯಾರೇಜಿನಲ್ಲಿ, ಟೈಲರ್ ಅಂಗಡಿಯಲ್ಲಿ ಹುಡುಗರು ಇಂದಿಗೂ ಹೀಗೆಯೇ ಕಲಿಯುತ್ತಾರೆ.

ಅವರು ಬಂದಾಗ ಲಂಡನ್ ಹೇಗಿತ್ತು ಎಂದು ತಿಳಿದರೆ ಈ ಕೆಲಸದ ಬೆಲೆ ಗೊತ್ತಾಗುತ್ತದೆ. ಅದು ಆಗ ಪ್ರಪಂಚದ ಅತಿ ದೊಡ್ಡ ನಗರ. ಹೊಲಸೆಲ್ಲ ಕೊನೆಗೆ ಥೇಮ್ಸ್ ನದಿಗೆ ಸೇರುತ್ತಿತ್ತು. ಅದೇ ನದಿಯ ನೀರನ್ನು ಎಷ್ಟೋ ಜನ ಕುಡಿಯುತ್ತಿದ್ದರು. 1854ರಲ್ಲಿ ಸೋಹೋ ಎಂಬ ಬಡಾವಣೆಯಲ್ಲಿ ಕಾಲರಾ ಬಂದು ಕೆಲವೇ ದಿನಗಳಲ್ಲಿ ನೂರಾರು ಜನ ಸತ್ತರು. ಜಾನ್ ಸ್ನೋ ಎಂಬ ವೈದ್ಯರು ಮನೆಮನೆ ವಿಚಾರಿಸಿ, ರೋಗ ಬರುತ್ತಿರುವುದು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನಿಂದ ಎಂದು ತೋರಿಸಿದರು. 1858ರ ಬೇಸಿಗೆಯಲ್ಲಿ ನದಿ ಎಷ್ಟು ನಾರಿತು ಎಂದರೆ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ ತೂಗುಹಾಕಬೇಕಾಯಿತು. ಮೂಗಿಗೆ ಬಂದ ಮೇಲೆಯೇ ದೊಡ್ಡವರು ಎದ್ದರು. ಜೋಸೆಫ್ ಬಜಾಲ್ಜೆಟ್ ಎಂಬ ಎಂಜಿನಿಯರ್ ನಗರದ ಕೆಳಗೆ 82 ಮೈಲಿ ಉದ್ದದ ಮುಖ್ಯ ಒಳಚರಂಡಿ ಕಟ್ಟಿಸಿದರು. ಹದಿನೇಳರಿಂದ ಇಪ್ಪತ್ತೆರಡರ ವಯಸ್ಸಿನಲ್ಲಿ ಕ್ರ್ಯಾಪರ್ ಇದೇ ನಗರದಲ್ಲಿ ಪೈಪಿನ ಕೆಲಸ ಕಲಿಯುತ್ತಿದ್ದರು.

ಚರಂಡಿ ಬಂದರೆ ಸಾಲದು, ಮನೆಯ ಹೊಲಸು ಚರಂಡಿಗೆ ಹೋಗಬೇಕು, ಚರಂಡಿಯ ವಾಸನೆ ಮನೆಗೆ ಬರಬಾರದು. ಇದಕ್ಕೆ ದಾರಿ ಮೊದಲೇ ಸಿಕ್ಕಿತ್ತು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕರು ಶೌಚದ ಬೋಗುಣಿಯ ಕೆಳಗಿನ ಪೈಪನ್ನು ಇಂಗ್ಲಿಷಿನ ಎಸ್ ಅಕ್ಷರದಂತೆ ಬಗ್ಗಿಸಿ ಪೇಟೆಂಟ್ ಪಡೆದಿದ್ದರು. ಆ ಬಾಗಿನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತದೆ. ಆ ನೀರೇ ಬಾಗಿಲು, ಕೆಳಗಿನ ಗಾಳಿಯನ್ನು ಮೇಲೆ ಬಿಡುವುದಿಲ್ಲ. ಇಂದಿನ ಕಮೋಡಿನಲ್ಲಿ ಕಾಣುವ ನೀರು ಇದೇ. ಮೇಲಿನಿಂದ ಸಾಕಷ್ಟು ನೀರು ಒಮ್ಮೆಲೇ ಬಿದ್ದಾಗ ಮಾತ್ರ ಎಲ್ಲವೂ ಆ ಬಾಗನ್ನು ಹತ್ತಿ ಆಚೆ ಇಳಿಯುತ್ತದೆ. ನಿಧಾನವಾಗಿ ಬಿದ್ದರೆ ನೀರು ಮಾತ್ರ ಹೋಗುತ್ತದೆ, ಉಳಿದದ್ದು ಉಳಿಯುತ್ತದೆ. ಅಂದರೆ ಫ್ಲಶ್ ಎಂದರೆ ಎಷ್ಟು ನೀರು ಎಂಬುದಷ್ಟೇ ಅಲ್ಲ, ಎಷ್ಟು ಬೇಗ ಎಂಬುದೂ ಹೌದು. ಇದನ್ನು ಓದಿದಾಗಲೇ ನಮ್ಮ ಮನೆಯ ತೊಂದರೆ ಏನು ಎಂದು ಅರ್ಧ ಅರ್ಥವಾಯಿತು.

ಕೆಲಸ ಕಲಿತು, ಕೆಲವು ವರ್ಷ ಕೂಲಿಗೆ ದುಡಿದು, 1861ರಲ್ಲಿ ಕ್ರ್ಯಾಪರ್ ಚೆಲ್ಸಿಯಲ್ಲಿ ಸ್ವಂತ ವ್ಯಾಪಾರ ಆರಂಭಿಸಿದರು. ಮಾರ್ಲ್‌ಬರೋ ರಸ್ತೆಯಲ್ಲಿ ಅವರ ಕಾರ್ಖಾನೆ ಬೆಳೆಯಿತು. ಹಿತ್ತಾಳೆಯ ಭಾಗಗಳನ್ನು ಹೊರಗಿನಿಂದ ಕೊಳ್ಳುವ ಬದಲು ತಾವೇ ಎರಕ ಹೊಯ್ಯಿಸುತ್ತಿದ್ದರು. ವಾಣಿಜ್ಯ ವಿದ್ಯಾರ್ಥಿಯಾಗಿ ನನಗೆ ಇದು ಗಮನಕ್ಕೆ ಬಂತು. ಭಾಗ ಕೆಟ್ಟರೆ ಬೇರೆಯವರ ಮೇಲೆ ಹೇಳುವಂತಿಲ್ಲ, ಗುಣಮಟ್ಟ ನಮ್ಮ ಕೈಯಲ್ಲೇ ಇರುತ್ತದೆ.

ಆಗ ಲಂಡನ್‌ನಲ್ಲಿ ಇನ್ನೊಂದು ಸಮಸ್ಯೆ ಇತ್ತು. ಹಳೆಯ ಟ್ಯಾಂಕುಗಳ ತಳದಲ್ಲಿ ಒಂದು ವಾಲ್ವ್ ಇರುತ್ತಿತ್ತು. ಅದು ಸವೆದರೆ ಹಗಲೂ ರಾತ್ರಿ ನೀರು ಸೋರುತ್ತಿತ್ತು. ನೀರು ಪೋಲಾಗಬಾರದೆಂದು ನಿಯಮ ಬಂತು. ಒಂದು ಫ್ಲಶ್‌ಗೆ ಎರಡು ಗ್ಯಾಲನ್, ಅಂದರೆ ಸುಮಾರು 9 ಲೀಟರ್ ನೀರು ಎಂಬುದು ರೂಢಿಯಾಯಿತು. ಹಾಗಾಗಿ ಫ್ಲಶ್ ಟ್ಯಾಂಕಿಗೆ ಅಲ್ಲಿ ನೀರು ಪೋಲು ತಡೆಯುವ ಸಾಧನ ಎಂದೇ ಹೆಸರು. ಕಡಿಮೆ ನೀರು, ಆದರೆ ಪೂರ್ತಿ ಕೆಲಸ. ಎರಡೂ ಬೇಕು. ಇದು ಸುಲಭವಲ್ಲ.

ಇದಕ್ಕೆ ಉತ್ತರವಾಗಿ ಬಂದದ್ದು ಸೈಫನ್ ಟ್ಯಾಂಕ್. ಡ್ರಮ್ಮಿನಲ್ಲಿ ಪೈಪು ಇಟ್ಟು, ಒಮ್ಮೆ ಬಾಯಿಂದ ಎಳೆದು ಬಿಟ್ಟರೆ ನೀರು ತಾನಾಗಿಯೇ ಅಂಚು ಹತ್ತಿ ಕೆಳಗೆ ಸುರಿಯುವುದನ್ನು ನಾವೆಲ್ಲ ನೋಡಿದ್ದೇವೆ. ಇದೂ ಅಷ್ಟೇ. ಟ್ಯಾಂಕಿನೊಳಗೆ ತಲೆಕೆಳಗಾದ ಯು ಆಕಾರದ ಪೈಪು ಇರುತ್ತದೆ. ಸರಪಳಿ ಎಳೆದಾಗ ಒಳಗಿನ ಒಂದು ತಟ್ಟೆ ಮೇಲೇರಿ ಸ್ವಲ್ಪ ನೀರನ್ನು ಆ ಬಾಗಿನ ಆಚೆಗೆ ತಳ್ಳುತ್ತದೆ. ಅದರ ಹಿಂದೆಯೇ ಟ್ಯಾಂಕಿನ ನೀರೆಲ್ಲ ಒಮ್ಮೆಲೇ ಇಳಿಯುತ್ತದೆ. ನೀರು ಮುಗಿದು ಪೈಪಿಗೆ ಗಾಳಿ ಹೊಕ್ಕಾಗ ತಾನಾಗಿಯೇ ನಿಲ್ಲುತ್ತದೆ. ತಳದಲ್ಲಿ ವಾಲ್ವ್ ಇಲ್ಲ, ಆದ್ದರಿಂದ ಅದು ಸವೆದು ಸೋರುವ ಮಾತೇ ಇಲ್ಲ. ಟ್ಯಾಂಕ್ ಮತ್ತೆ ತುಂಬಿದಾಗ ನೀರಿನ ಮೇಲೆ ತೇಲುವ ಚೆಂಡು ಮೇಲೆ ಬಂದು ನಲ್ಲಿಯನ್ನು ಮುಚ್ಚುತ್ತದೆ. ನಮ್ಮ ಪ್ಲಂಬರ್‌ಗಳು ಬಾಲ್ ಕಾಕ್ ಎನ್ನುವುದು ಇದಕ್ಕೇ. ಎತ್ತರದಲ್ಲಿ ಕಬ್ಬಿಣದ ಟ್ಯಾಂಕು, ಅದಕ್ಕೆ ತೂಗುವ ಸರಪಳಿ, ಇದನ್ನು ನಮ್ಮ ದೇಶದ ಹಳೆಯ ಕಚೇರಿಗಳಲ್ಲೂ ಕಟ್ಟಡಗಳಲ್ಲೂ ಹಿರಿಯರು ನೋಡಿಯೇ ಇರುತ್ತಾರೆ.

ಕ್ರ್ಯಾಪರ್ ಸಂಸ್ಥೆ ತನ್ನ ಜಾಹೀರಾತಿನಲ್ಲಿ ಒಂದು ಭರವಸೆ ಕೊಡುತ್ತಿತ್ತು: ಸುಲಭವಾಗಿ ಎಳೆದರೂ ಫ್ಲಶ್ ಖಂಡಿತ ಆಗುತ್ತದೆ, ಟ್ಯಾಂಕ್ ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿದ್ದರೂ ಆಗುತ್ತದೆ. ಇದನ್ನು ಓದಿದಾಗ ನನಗೆ ನಾನಿ ನೆನಪಾದರು. ಬಲವಿಲ್ಲದ ಕೈ ಕೂಡ ಎಳೆಯುವಂತಿರಬೇಕು ಎಂದು ಅಷ್ಟು ಹಿಂದೆಯೇ ಯೋಚಿಸಿದ್ದರು.

ಕ್ರ್ಯಾಪರ್ ಮಾಡಿದ ಇನ್ನೊಂದು ಕೆಲಸಕ್ಕೆ ಧೈರ್ಯ ಬೇಕಿತ್ತು. ಶೌಚಾಲಯ ಎಂಬ ಮಾತನ್ನೇ ಮರ್ಯಾದಸ್ಥರು ಆಡದ ಕಾಲದಲ್ಲಿ ಅವರು ಸ್ನಾನದ ತೊಟ್ಟಿ, ಬೇಸಿನ್, ಕಮೋಡುಗಳನ್ನು ಶೋರೂಮಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರು. ನೋಡಿ, ಕೇಳಿ, ಕೊಳ್ಳಿ ಎಂದರು. ನಾಚಿಕೊಳ್ಳುವ ವಸ್ತುವನ್ನು ಬೇಕಾದ ವಸ್ತು ಮಾಡಿದರು.

ಗಿರಾಕಿಗಳಲ್ಲಿ ರಾಜಮನೆತನವೂ ಸೇರಿತು. ವಿಕ್ಟೋರಿಯಾ ರಾಣಿಯ ಮಗ ಯುವರಾಜ ಎಡ್ವರ್ಡ್ 1871ರಲ್ಲಿ ಟೈಫಾಯ್ಡ್ ಬಂದು ಸಾವಿನ ಹತ್ತಿರ ಹೋಗಿ ಬಂದಿದ್ದರು. ಅವರು ತಂಗಿದ್ದ ಒಂದು ಮನೆಯ ಕೆಟ್ಟ ಚರಂಡಿಯೇ ಕಾರಣ ಎಂದು ಆಗ ಹೇಳಲಾಯಿತು. ಕಾಯಿಲೆಗೆ ರಾಜನ ಮಗ, ಕೂಲಿಯ ಮಗ ಎಂಬ ಭೇದವಿಲ್ಲ. 1880ರ ದಶಕದಲ್ಲಿ ಎಡ್ವರ್ಡ್ ಅವರ ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆಯ ಕೊಳಾಯಿ ಕೆಲಸ ಕ್ರ್ಯಾಪರ್ ಅವರಿಗೆ ಸಿಕ್ಕಿತು. ದೇವದಾರು ಮರದ ಸೀಟುಗಳಿದ್ದ ಮೂವತ್ತು ಶೌಚಾಲಯಗಳನ್ನು ಅವರು ಕೂರಿಸಿಕೊಟ್ಟರು. ಇದಕ್ಕೆ ರಾಜಮನೆತನದ ಅಧಿಕೃತ ಸರಬರಾಜುದಾರ ಎಂಬ ಮನ್ನಣೆ ದೊರೆಯಿತು.

ಇಲ್ಲಿ ಒಂದು ತಪ್ಪು ತಿದ್ದಬೇಕು. ಫ್ಲಶ್ ಶೌಚಾಲಯ ಕಂಡುಹಿಡಿದವರು ಕ್ರ್ಯಾಪರ್ ಎಂದು ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಇಂಗ್ಲೆಂಡಿನಲ್ಲಿ ಸರ್ ಜಾನ್ ಹ್ಯಾರಿಂಗ್ಟನ್ ಎಂಬವರು 1596ರಲ್ಲೇ ಅಂಥದ್ದನ್ನು ವಿವರಿಸಿದ್ದರು. ಆಮೇಲೆ ಕಮಿಂಗ್, 1778ರಲ್ಲಿ ಜೋಸೆಫ್ ಬ್ರಾಮಾ ಸುಧಾರಣೆ ಮಾಡಿದರು. ಕ್ರ್ಯಾಪರ್ ಹೆಸರಿನಲ್ಲಿ ಒಂಬತ್ತು ಪೇಟೆಂಟುಗಳಿದ್ದವು, ಅವುಗಳಲ್ಲಿ ಮೂರು ಶೌಚಾಲಯದ ಸುಧಾರಣೆಗೆ ಸಂಬಂಧಿಸಿದವು. ಅವರ ಹೆಸರಿಗೆ ಅಂಟಿಸುವ ಪ್ರಸಿದ್ಧ ಸೈಫನ್ ಪೇಟೆಂಟ್ 1898ರಲ್ಲಿ ಆಲ್ಬರ್ಟ್ ಗಿಬ್ಲಿನ್ ಎಂಬವರಿಗೆ ಸಿಕ್ಕಿದ್ದು. ಅವರಿಗೆ ಸರ್ ಪದವಿ ಸಿಕ್ಕಿತು ಎಂಬುದೂ ಸುಳ್ಳು. ಹನ್ನೊಂದನೇ ವಯಸ್ಸಿನಲ್ಲಿ ಯಾರ್ಕ್‌ಷೈರ್‌ನಿಂದ ಲಂಡನ್‌ಗೆ ನಡೆದೇ ಬಂದರು ಎಂಬುದೂ ಕಥೆ. 1969ರಲ್ಲಿ ವಾಲೇಸ್ ರೇಬರ್ನ್ ಎಂಬ ಲೇಖಕರು ಬರೆದ ತಮಾಷೆಯ ಜೀವನ ಚರಿತ್ರೆಯಿಂದ ಇಂಥ ಕಥೆಗಳು ಹರಡಿದವು.

ಹಾಗಾದರೆ ಅವರು ಮಾಡಿದ್ದೇನು? ಬೇರೆಯವರು ಕಂಡುಹಿಡಿದದ್ದನ್ನು ಪ್ರತಿ ಸಲವೂ ಕೆಲಸ ಮಾಡುವಂತೆ ತಯಾರಿಸಿದರು, ಸರಿಯಾಗಿ ಕೂರಿಸಿದರು, ಅದರ ಮೇಲೆ ತಮ್ಮ ಹೆಸರು ಹಾಕಿದರು. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಎಂಬ ಪಾಠ ಓದುತ್ತೇವೆ, ಕೈಗೆ ಸಿಗದ ಆಸ್ತಿ ಎಂದು ಬರೆಯುತ್ತೇವೆ. ಆ ಆಸ್ತಿ ಎಲ್ಲಿಂದ ಬರುತ್ತದೆ ಎಂಬುದು ನನಗೆ ಕ್ರ್ಯಾಪರ್ ಅವರಿಂದ ತಿಳಿಯಿತು. ಸರಪಳಿ ಎಳೆದವರು ಎರಡನೇ ಸಲ ಎಳೆಯಬೇಕಾಗಿ ಬರದಿದ್ದರೆ ಅದೇ ಗುಡ್‌ವಿಲ್.

ಇನ್ನು ನಮ್ಮ ಮನೆಯ ಟ್ಯಾಂಕಿನ ವಿಷಯ. ಮರುದಿನ ನಾನೇ ನೋಡುತ್ತೇನೆ ಎಂದಾಗ ಅಮ್ಮಿ ಛೀ ಎಂದರು. ಆದರೆ ಟ್ಯಾಂಕಿನಲ್ಲಿರುವುದು ನಲ್ಲಿಯ ನೀರೇ, ಅದನ್ನು ಮುಟ್ಟಲು ಅಸಹ್ಯ ಪಡಬೇಕಾಗಿಲ್ಲ. ನಾನು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು.

ಮೊದಲು ಅರ್ಧ ಬಕೆಟ್ ನೀರನ್ನು ಕಮೋಡಿಗೆ ಒಮ್ಮೆಲೇ ಸುರಿದೆ. ಜೋರಾಗಿ ಎಲ್ಲ ಹೋಯಿತು. ಹಾಗೆ ಹೋದರೆ ಕೆಳಗಿನ ಪೈಪು ಸರಿಯಿದೆ, ತೊಂದರೆ ಟ್ಯಾಂಕಿನಲ್ಲಿ ಅಥವಾ ನೀರು ಬರುವ ದಾರಿಯಲ್ಲಿದೆ ಎಂದು ಅರ್ಥ. ಬಕೆಟ್ ನೀರೂ ನಿಂತು ನಿಂತು ಇಳಿದರೆ ಬಾಗಿನಲ್ಲಿ ಅಥವಾ ಪೈಪಿನಲ್ಲಿ ಏನೋ ಸಿಕ್ಕಿಕೊಂಡಿದೆ. ಆಗ ರಬ್ಬರಿನ ಪಂಪಿನಿಂದ ಒತ್ತಿ ನೋಡಬೇಕು. ಗುಳುಗುಳು ಸದ್ದು ಬಂದು ನಿಧಾನವಾಗಿ ಇಳಿದರೆ ಮಹಡಿಯ ಮೇಲಿನ ಗಾಳಿ ಪೈಪು ಮುಚ್ಚಿಕೊಂಡಿರಬಹುದು. ಅದಕ್ಕೆ ಪ್ಲಂಬರ್‌ನನ್ನೇ ಕರೆಯುವುದು ಒಳ್ಳೆಯದು.

ಆಮೇಲೆ ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ಎತ್ತಿದೆ. ನೀರು ಅರ್ಧಕ್ಕಿಂತ ಸ್ವಲ್ಪ ಮೇಲೆ ಮಾತ್ರ ಇತ್ತು. ಒಳಗೆ ನೆಟ್ಟಗೆ ನಿಂತಿರುವ ಓವರ್‌ಫ್ಲೋ ಪೈಪಿನ ಬಾಯಿಗಿಂತ ಸುಮಾರು ಒಂದು ಇಂಚು ಕೆಳಗಿನವರೆಗೆ ನೀರು ಇರಬೇಕು. ಗೋಡೆಯ ಹತ್ತಿರದ ಆಂಗಲ್ ಕಾಕ್ ಪೂರ್ತಿ ತೆರೆದಿದೆಯೇ ನೋಡಿದೆ, ತೆರೆದಿತ್ತು. ಹಾಗಾದರೆ ಫ್ಲೋಟ್ ಕಾರಣ. ಅಬ್ಬಾ ಅವರನ್ನು ಕೇಳಿದೆ. ಹೋದ ಬೇಸಿಗೆಯಲ್ಲಿ ಬೋರಿನಲ್ಲಿ ನೀರು ಕಡಿಮೆಯಾದಾಗ ಉಳಿಸಲೆಂದು ಅವರೇ ಫ್ಲೋಟ್ ಕೆಳಗಿಳಿಸಿದ್ದರಂತೆ, ಮಳೆ ಬಂದ ಮೇಲೆ ಮರೆತುಬಿಟ್ಟಿದ್ದರು. ಫ್ಲೋಟಿನ ಸ್ಕ್ರೂ ತಿರುಗಿಸಿ ಮೇಲೆ ಏರಿಸಿದೆ, ನೀರಿನ ಮಟ್ಟ ಸರಿಯಾಯಿತು. ಇಲ್ಲಿ ನಮ್ಮ ಲೆಕ್ಕವೇ ತಪ್ಪಿತ್ತು. ಅರ್ಧ ಟ್ಯಾಂಕ್ ಉಳಿಸಲು ಹೋಗಿ ಪ್ರತಿ ಸಲ ಎರಡು ಮೂರು ಬಾರಿ ಒತ್ತಿ, ಮೇಲೆ ಬಕೆಟ್ ನೀರನ್ನೂ ಸುರಿಯುತ್ತಿದ್ದೆವು. ಉಳಿಸಿದ್ದಕ್ಕಿಂತ ಖರ್ಚೇ ಹೆಚ್ಚು.

ತಳದ ವಾಲ್ವಿನ ವಾಷರ್ ಕೂಡ ಪರೀಕ್ಷಿಸಿದೆ. ಟ್ಯಾಂಕಿಗೆ ಅಡುಗೆಯ ಬಣ್ಣ ಸ್ವಲ್ಪ ಹಾಕಿ, ಬಟನ್ ಒತ್ತದೆ ಇಪ್ಪತ್ತು ನಿಮಿಷ ಬಿಟ್ಟೆ. ಕಮೋಡಿನ ನೀರಿಗೆ ಬಣ್ಣ ಬಂದರೆ ವಾಷರ್ ಸೋರುತ್ತಿದೆ ಎಂದು ತಿಳಿಯಬೇಕು. ನಮ್ಮದಕ್ಕೆ ಬರಲಿಲ್ಲ. ಸರಪಳಿಯಿಂದ ವಾಲ್ವ್ ಎತ್ತುವ ಟ್ಯಾಂಕ್ ಆಗಿದ್ದರೆ ಆ ಸರಪಳಿ ಸಡಿಲವಾಗಿದೆಯೇ ಎಂದೂ ನೋಡಬೇಕು. ಸಡಿಲವಿದ್ದರೆ ವಾಲ್ವ್ ಪೂರ್ತಿ ಏಳದೆ ಬೇಗ ಮುಚ್ಚಿಕೊಳ್ಳುತ್ತದೆ.

ಇಷ್ಟಾದರೂ ನೀರು ಒಂದೇ ಕಡೆಯಿಂದ ಬರುತ್ತಿತ್ತು. ಕಮೋಡಿನ ಅಂಚಿನ ಕೆಳಗೆ ಸುತ್ತಲೂ ಸಣ್ಣ ರಂಧ್ರಗಳಿರುತ್ತವೆ. ಹಳೆಯ ಕನ್ನಡಿಯೊಂದನ್ನು ಹಿಡಿದು ನೋಡಿದರೆ ಅರ್ಧ ರಂಧ್ರಗಳು ಬೋರ್ ನೀರಿನ ಉಪ್ಪು ಕಟ್ಟಿ ಬೆಳ್ಳಗೆ ಮುಚ್ಚಿದ್ದವು. ಗ್ಲೌಸ್ ಹಾಕಿಕೊಂಡು, ಬಟ್ಟೆಯ ಚೂರುಗಳನ್ನು ವಿನೆಗರ್‌ನಲ್ಲಿ ನೆನೆಸಿ ಅಂಚಿನ ಕೆಳಗೆ ಒತ್ತಿ ಇಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತಂತಿಯಿಂದ ಒಂದೊಂದನ್ನೇ ಬಿಡಿಸಿ ಹಳೆಯ ಬ್ರಷ್‌ನಿಂದ ಉಜ್ಜಿದೆ. ಒಂದು ಎಚ್ಚರಿಕೆ: ಆಸಿಡ್ ಅಥವಾ ವಿನೆಗರ್ ಹಾಕಿದಾಗ ಅದರ ಜೊತೆ ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ಬೆರೆಸಲೇಬಾರದು, ವಿಷದ ಗಾಳಿ ಏಳುತ್ತದೆ.

ಬಟನ್ ಒತ್ತಿದೆ. ನೀರು ಸುತ್ತಲೂ ತಿರುಗಿ, ಮೇಲೆದ್ದು, ಒಂದೇ ಉಸಿರಿಗೆ ಇಳಿಯಿತು. ಖರ್ಚಾದದ್ದು ಒಂದು ಬಾಟಲಿ ವಿನೆಗರ್. ನಾವು ಕಾದಿದ್ದು ತಿಂಗಳುಗಟ್ಟಲೆ.

ಕ್ರ್ಯಾಪರ್ 1904ರಲ್ಲಿ ವ್ಯಾಪಾರವನ್ನು ಅಣ್ಣನ ಮಗ ಜಾರ್ಜ್ ಮತ್ತು ಪಾಲುದಾರ ರಾಬರ್ಟ್ ವಾರಮ್ ಅವರಿಗೆ ಬಿಟ್ಟುಕೊಟ್ಟು ನಿವೃತ್ತರಾದರು. 1910ರ ಜನವರಿ 27ರಂದು ತೀರಿಕೊಂಡರು. ಅವರ ನಂತರವೂ ಸಂಸ್ಥೆ ಬಹುಕಾಲ ನಡೆದು 1966ರಲ್ಲಿ ಬೇರೆಯವರ ಕೈ ಸೇರಿತು. ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ರಾಜರು, ಕವಿಗಳು, ವಿಜ್ಞಾನಿಗಳ ಸಮಾಧಿಗಳಿವೆ. ಅಲ್ಲಿಗೆ ಹೋದವರು ನೆಲದಲ್ಲಿರುವ ಚರಂಡಿ ಮುಚ್ಚಳಗಳನ್ನೂ ಹುಡುಕಿ ನೋಡುತ್ತಾರಂತೆ, ಏಕೆಂದರೆ ಅವುಗಳ ಮೇಲೆ ಕ್ರ್ಯಾಪರ್ ಹೆಸರಿದೆ.

ತರಗತಿಯಲ್ಲಿ ನಕ್ಕ ಗೆಳೆಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ಮಾತು ಕೇಳಿಕೊಳ್ಳುತ್ತೇನೆ. ತಹಾರತ್ ಬಗ್ಗೆ ಚಿಕ್ಕಂದಿನಿಂದ ಕಲಿಯುವ ನಾವು, ಅದನ್ನು ಸಾಧ್ಯ ಮಾಡುವ ಕೆಲಸಗಾರರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡುತ್ತೇವೆ, ಕೂಲಿಯಲ್ಲಿ ಐವತ್ತು ರೂಪಾಯಿ ಕಡಿಮೆ ಮಾಡಿ ಎನ್ನುತ್ತೇವೆ. ಇವತ್ತು ಮನೆಗೆ ಹೋದಾಗ ನಿಮ್ಮ ಫ್ಲಶ್ ಒಮ್ಮೆ ಒತ್ತಿ ನೋಡಿ. ಪಕ್ಕದಲ್ಲಿ ಬಕೆಟ್ ಇದ್ದರೆ, ಅದನ್ನು ರಾತ್ರಿ ಯಾರು ಎತ್ತುತ್ತಾರೆ ಎಂದು ಕೇಳಿ.

ನಮ್ಮ ನಾನಿ ಈಗ ಇಷಾ ನಮಾಜಿನ ನಂತರ ಒಂದು ದೊಡ್ಡ ಲೋಟ ನೀರು ಕುಡಿದು ಮಲಗುತ್ತಾರೆ.